ಗೋಡೆಯಾಚೆ ಸಿಕ್ಕ ಕಲ್ಲು

ಕೊಳ್ಳುವ ಮೊದಲು ಜಾಗದ ಸರ್ವೆ ಮಾಡಿಸಲೇಬೇಕೆಂದು ಹಟ ಹಿಡಿದವಳು ವೆಲ್ಡರನ ಹೆಂಡತಿ. ಅವನಿಗೆ ಅದೆಲ್ಲ ಬೇಡದ ರಗಳೆ. ಮನೆ ಕಣ್ಣಿಗೆ ಹಿಡಿಸಿತ್ತು: ಎರಡು ಕೋಣೆ, ಬೆಳಕು ತುಂಬುವ ಅಡುಗೆಮನೆ, ವೆಲ್ಡಿಂಗ್ ಮಷೀನು ಇಡಲು ಹಿತ್ತಲು. ಮಾರುವವರು ನಿವೃತ್ತ ಮೇಷ್ಟ್ರು, ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿರದ ಸಾಧು. ಅಂಥವರನ್ನು ನಂಬದೆ ಇನ್ಯಾರನ್ನು ನಂಬುವುದು ಎಂದು ಅವನ ವಾದ.

"ಮೇಷ್ಟ್ರನ್ನ ನಂಬ್ತೀನಿ. ಗೋಡೇನ ನಂಬಲ್ಲ" ಎಂದಳು ಹೆಂಡತಿ. ಅವನು ಸರ್ವೆಗೆ ಒಪ್ಪಿದ.

ಸರ್ವೆ ಎಂದೊಡನೆ ಮೇಷ್ಟ್ರ ಮುಖ ಸಣ್ಣಗಾಯಿತು. ಪಕ್ಕದ ಮನೆ ಅವರ ಒಡಹುಟ್ಟಿದ ತಮ್ಮನದು. ಟೈರ್ ಅಂಗಡಿ ಇಟ್ಟಿದ್ದ ಅವನನ್ನು ಬೀದಿಯವರೆಲ್ಲ ಪೈಲ್ವಾನ ಎನ್ನುತ್ತಿದ್ದರು. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅವನ ಮುಖ ನೋಡದೆ ಬದುಕಬೇಕೆಂದೇ ಮನೆ ಮಾರುತ್ತಿದ್ದೇನೆ, ಅವನು ಊರಲ್ಲಿಲ್ಲದ ದಿನ ಅಳೆಸಿಬಿಡಿ ಎಂದು ಮೇಷ್ಟ್ರು ಕೈ ಹಿಸುಕಿಕೊಂಡು ಕೇಳಿಕೊಂಡರು.

ಪೈಲ್ವಾನ ಟೈರು ತರಲು ಬೇರೆ ಊರಿಗೆ ಹೊರಟ ದಿನ ನೋಡಿಕೊಂಡೇ ಸರ್ವೆಯರ್ ಬಂದರು. ನಡುವಯಸ್ಸಿನ ಹೆಂಗಸು, ತಲೆಗೆ ಬಟ್ಟೆಯ ಟೋಪಿ, ಮಿತಮಾತು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರ ಕೂರಿಸಿ ನೋಡಿದರು, ವೆಲ್ಡರನ ಹೆಂಡತಿಯ ಕೈಗೆ ಟೇಪಿನ ತುದಿ ಕೊಟ್ಟು ಅಳೆದರು, ಮತ್ತೆ ಅಳೆದರು. ಕೊನೆಗೆ ಹಿತ್ತಲ ಮೂಲೆ ಇಲ್ಲಿಲ್ಲ, ಗೋಡೆಯ ಆಚೆಗಿದೆ ಎಂದರು. ಮೇಷ್ಟ್ರು ತಲೆ ತಗ್ಗಿಸಿದರು. ಪೈಲ್ವಾನ ಗೋಡೆಯನ್ನು ಈಚೆಗೆ ತಳ್ಳಿ ಕಟ್ಟಿದ್ದು ಅವರಿಗೆ ಮೊದಲಿಂದಲೂ ಗೊತ್ತಿತ್ತು.

ಪಕ್ಕದ ಗೇಟಿಗೆ ಬೀಗವಿರಲಿಲ್ಲ, ಯಂತ್ರ ಹೊತ್ತು ಒಳಗೆ ಹೋದರು. ಹಳೆ ಟೈರುಗಳ ರಾಶಿ ಸರಿಸಿ ವೆಲ್ಡರ್ ಸಲಿಕೆಯಿಂದ ಅಗೆದ. ಮೊಣಕಾಲುದ್ದ ಆಳದಲ್ಲಿ ಠಣ್ ಎಂದಿತು. ಗಡಿಕಲ್ಲು. ಸರ್ವೆಯರ್ ಬಗ್ಗಿ ಮಣ್ಣು ಒರೆಸುತ್ತಿದ್ದಾಗಲೇ ಗೇಟು ದಡಾರನೆ ಗೋಡೆಗೆ ಬಡಿಯಿತು.

ಯಾರೋ ಫೋನು ಮಾಡಿ ಚುಚ್ಚಿಕೊಟ್ಟಿದ್ದರು. ಅರ್ಧ ದಾರಿಯಿಂದ ತಿರುಗಿದ ಪೈಲ್ವಾನ ಟೈರು ಬಿಚ್ಚುವ ಕಬ್ಬಿಣದ ಸಲಾಕೆ ಹಿಡಿದೇ ಬಂದಿದ್ದ. ಏನು ಎತ್ತ ಕೇಳಲಿಲ್ಲ. ಮೊದಲ ಏಟಿಗೆ ಯಂತ್ರ ಚೂರಾಯಿತು. ಎರಡನೆಯದು ಕೈ ಅಡ್ಡ ಹಿಡಿದ ಸರ್ವೆಯರ್ ಅವರ ಮಣಿಕಟ್ಟಿನ ಮೇಲೆ ಬಿತ್ತು. ಒಣ ಕಡ್ಡಿ ಮುರಿದಂಥ ಸದ್ದು. ಆಕೆ ಕೈ ಹಿಡಿದುಕೊಂಡು ಕುಸಿದು ಕೂತರು. ಸಲಾಕೆ ಮತ್ತೆ ಮೇಲೆದ್ದಿತು.

ವೆಲ್ಡರ್ ಹಿಂದಿನಿಂದ ಹಾರಿ ಅವನನ್ನು ತಬ್ಬಿ ಹಿಡಿದ. ಇಬ್ಬರೂ ಟೈರುಗಳ ಮೇಲೆ ಉರುಳಿದರು. ಪೈಲ್ವಾನ ಅವನ ಭುಜ ಕಚ್ಚಿದ, ಕಣ್ಣಿಗೆ ಬೆರಳು ಹಾಕಿದ. ಹೇಗೋ ಸಲಾಕೆ ವೆಲ್ಡರನ ಕೈಗೆ ಬಂತು. ಮೊದಲು ಮಂಡಿಗೆ ಬಾರಿಸಿದ. ಪೈಲ್ವಾನ ಗೂಳಿಯಂತೆ ಅರಚಿ ಬಿದ್ದ. ಬಿದ್ದವನಿಗೆ ಮತ್ತೆ ಅದೇ ಮಂಡಿಗೆ, ಆಮೇಲೆ ಪಕ್ಕೆಗೆ, ತಲೆಗೆ.

"ಸಾಕು, ಬಿಡಿ, ಅವನು ಬಿದ್ದಿದಾನೆ" ಎಂದು ಹೆಂಡತಿ ಅವನ ಅಂಗಿ ಜಗ್ಗಿದಳು. ಅವಳನ್ನು ಮೊಣಕೈಯಿಂದ ನೂಕಿದ. ಮೈಯೆಲ್ಲ ಹಗುರಾದಂತಿತ್ತು. ಹೊಡೆಯುವುದು ಹಿತವಾಗಿತ್ತು. ಮತ್ತೊಂದು ಹಾಕಿದ.

ಆಗ ವೆಲ್ಡರನ ಮುಖಕ್ಕೆ ಸಲಿಕೆ ಬಡಿಯಿತು. ಬಾಯಿ ತುಂಬ ರಕ್ತ, ಹಲ್ಲು. ಮಬ್ಬುಗಣ್ಣಿಗೆ ಕಂಡವರು ಮೇಷ್ಟ್ರು. ಕನ್ನಡಕ ಎಲ್ಲೋ ಬಿದ್ದಿತ್ತು, ಸಲಿಕೆ ಎತ್ತಿ ಹಿಡಿದಿದ್ದರು.

"ನನ್ನ ತಮ್ಮನ್ನ ಕೊಲ್ತೀಯೇನೋ, ಬೋಳೀಮಗನೆ" ಎಂದು ಎರಡನೆಯ ಸಲ ಬೀಸಿದರು.

ಮುಂದಿನದು ಅವನಿಗೆ ನೆನಪಿಲ್ಲ. ಎಚ್ಚರವಾದಾಗ ಆಸ್ಪತ್ರೆ, ದವಡೆಗೆ ತಂತಿ ಕಟ್ಟಿದ್ದರು. ಎದುರಿನ ಮಂಚದಲ್ಲಿ ತಲೆಗೆ ಪಟ್ಟಿ ಸುತ್ತಿಸಿಕೊಂಡ ಪೈಲ್ವಾನ, ಅವನ ಪಾದ ಒತ್ತುತ್ತ ಮೇಷ್ಟ್ರು. ಇವನ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಪೊಲೀಸರು ಬಂದರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಸರ್ವೆಯರ್ ಕಂಡದ್ದನ್ನು ಕಂಡಂತೆ ಹೇಳಿದರು: ಮೊದಲು ಕೈ ಮಾಡಿದವನು ಪೈಲ್ವಾನ, ವೆಲ್ಡರ್ ಅಡ್ಡ ಬರದಿದ್ದರೆ ನಾನು ಉಳಿಯುತ್ತಿರಲಿಲ್ಲ, ಆದರೆ ಪೈಲ್ವಾನ ಬಿದ್ದು ಸುಮ್ಮನಾದ ಮೇಲೂ ಇವರು ಹೊಡೆದರು. ಹೌದೇನಮ್ಮ ಎಂದು ಪೊಲೀಸರು ವೆಲ್ಡರನ ಹೆಂಡತಿಯನ್ನು ಕೇಳಿದರು. ಅವಳು ಹೌದೆಂದಳು.

ಕೇಸು ಮೂವರ ಮೇಲೂ ಬಿತ್ತು. ಪೈಲ್ವಾನನ ಮಂಡಿ ಮಡಚದೆ ಹೋಯಿತು. ಅವನಿಗೆ ಊಟ ಕೊಂಡೊಯ್ಯಲು ಸುತ್ತು ಬಳಸಬೇಕೆಂದು ಮೇಷ್ಟ್ರು ಅದೇ ಗೋಡೆ ಒಡೆಸಿ ಬಾಗಿಲಿಡಿಸಿದರಂತೆ. ಮನೆ ಮಾರುವುದಿಲ್ಲವೆಂದು ಹೇಳಿ ಕಳಿಸಿದರು.

ವೆಲ್ಡರ್ ತನ್ನ ಬಾಡಿಗೆ ಮನೆಗೆ ಮರಳಿದ. ಹೆಂಡತಿ ಗಂಜಿ ಮಾಡಿ ಚಮಚದಲ್ಲಿ ಕುಡಿಸುತ್ತಿದ್ದಳು. ಒಂದು ದಿನ ನೊಣ ಓಡಿಸಲು ಅವನು ಫಕ್ಕನೆ ಕೈ ಎತ್ತಿದಾಗ ಅವಳು ಕುರ್ಚಿ ಸಮೇತ ಹಿಂದೆ ಸರಿದಳು. ಗಂಜಿ ಅವಳ ಮಡಿಲಿಗೆ ಚೆಲ್ಲಿತು.

"ಅವತ್ತು ನಾನು ಬಿಡಿ ಅಂದಿದ್ದು ನಿಮಗೆ ಕೇಳಿಸಿತ್ತಾ?"

ರೋಷದಲ್ಲಿ ಕಿವಿ ಮುಚ್ಚಿತ್ತು ಅನ್ನಬಹುದಿತ್ತು. ಅವಳು ನಂಬುತ್ತಿದ್ದಳೋ ಏನೋ.

"ಕೇಳಿಸಿತ್ತು" ಎಂದ, ಕಟ್ಟಿದ ಹಲ್ಲುಗಳ ಸಂದಿನಿಂದ.

ಅವಳು ಬಟ್ಟಲನ್ನು ಅವನ ಕೈಗೆ ಸಿಗುವ ಹಾಗೆ ಇಟ್ಟು, ಸೀರೆ ಬದಲಿಸಲು ಒಳಗೆ ಹೋದಳು. ಒಳಗಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.