ಗುಡುಗಿದರೆ ಮೇನ್ ಆಫ್

ಕೀಬೋರ್ಡಿನ ಮೇಲೆ ಮೈದುನ ಲೋಹಿತನ ಎಣ್ಣೆ ಬೆರಳಿನ ಗುರುತು ಕಂಡ ಕೂಡಲೇ ನವ್ಯಶ್ರೀ ಮುಖ ಸಿಂಡರಿಸಿ, ಬಟ್ಟೆ ತಂದು ತಿಕ್ಕಿ ಒರೆಸಿದಳು. ಕೆ. ಹೊಸಕೋಟೆಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು, ಮದುವೆ ವಿಡಿಯೊ ತೆಗೆದು ಬದುಕುವವಳು ಅವಳು. ಅವಳಿಗೆ ಸಹಾಯಕ್ಕೆಂದು ಸೇರಿಕೊಂಡ ಈ ಮಹಾಶಯನೋ, ಬೋಂಡ ತಿಂದ ಕೈಯನ್ನು ಒರೆಸದೆ ಕಂಪ್ಯೂಟರ್ ಮುಟ್ಟುವ ಆಸಾಮಿ.

ಅವತ್ತು ಅವಳಿಗೆ ಅದಕ್ಕಿಂತ ದೊಡ್ಡ ತಲೆಬಿಸಿಯಿತ್ತು. ಕಂಪ್ಯೂಟರಿನ ಎಸ್‌ಎಸ್‌ಡಿ ಡಿಸ್ಕು ಮಾಡಿದ ಕಂಪನಿ ಒಂದು ಸೂಚನೆ ಹಾಕಿತ್ತು: ಈ ಮಾದರಿಯ ಡಿಸ್ಕು ಇದ್ದಕ್ಕಿದ್ದಂತೆ ಕೈಕೊಡಬಹುದು, ಫರ್ಮ್‌ವೇರ್ ಅಪ್‌ಡೇಟ್ ಮಾಡಿಕೊಳ್ಳಿ. ಅಂದರೆ ಡಿಸ್ಕಿನೊಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರನ್ನು ಬದಲಿಸಬೇಕು. ನಡುವೆ ಕರೆಂಟ್ ಹೋದರೆ ಡಿಸ್ಕಿನ ಕಥೆ ಮುಗಿಯಿತು. ಅದೇ ಡಿಸ್ಕಿನಲ್ಲಿ ಮಗ್ಗೆಯ ಶಿವಯ್ಯನ ಮಗಳ ಮದುವೆಯಿತ್ತು. ಹಸೆಯ ಪಕ್ಕ ಕೂತು ಶಿವಯ್ಯನ ತಾಯಿ ಸೋಬಾನೆ ಪದ ಹಾಡಿದ್ದಳು. ಮದುವೆಯಾಗಿ ತಿಂಗಳು ತುಂಬುವ ಮೊದಲೇ ಮುದುಕಿ ತೀರಿಕೊಂಡಳು. ಆ ದನಿ ಬೇರೆಲ್ಲೂ ಉಳಿದಿರಲಿಲ್ಲ. ಸಂತೆಗೆ ಬಂದಾಗಲೆಲ್ಲ ಶಿವಯ್ಯ ಬಾಗಿಲಲ್ಲಿ ನಿಂತು, ನಮ್ಮವ್ವನ ಪದ ರೆಡಿಯಾಯ್ತೇನವ್ವ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದ.

ಅದಕ್ಕೇ, ಮೊದಲು ಎಲ್ಲವನ್ನೂ ಹಳೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡು ಎಂದು ಲೋಹಿತನಿಗೆ ಹೇಳಿದ್ದಳು. ಆಯ್ತಾ ಅಂದರೆ ಆಯ್ತು ಅಂದ. ನಿಜವಾಗ್ಲೂ ಆಯ್ತಾ ಅಂದರೆ, ನನ್ನ ಮೇಲೆ ನಿಮಗೆ ನಂಬಿಕೇನೇ ಇಲ್ಲ ಎಂದು ಮುಖ ಊದಿಸಿದ. ಮುಖ ಊದಿಸಿಕೊಂಡವನನ್ನು ರಮಿಸುವುದಕ್ಕಿಂತ ನಂಬುವುದೇ ಸಲೀಸು, ನಂಬಿದಳು. ಯುಪಿಎಸ್ ಕೆಟ್ಟು ಮೂಲೆ ಸೇರಿತ್ತು. ಆದರೆ ಕರೆಂಟ್ ಬೆಳಗಿನಿಂದ ಹೋಗಿರಲಿಲ್ಲ, ಕಾಪಿಯೂ ಇದೆಯಲ್ಲ ಎಂದು ಅಪ್‌ಡೇಟ್ ಒತ್ತಿಯೇಬಿಟ್ಟಳು.

ಕೆಲಸ ಅರ್ಧಕ್ಕೆ ಬಂದಿರಬೇಕು, ಗುಡ್ಡದ ಆಚೆ ಗುಡುಗಿತು. ಕಾಫಿ ಹೂವಿಗೆ ಬೇಕಾದ ವರ್ಷದ ಮೊದಲ ಮಳೆ, ಊರಿಗೆ ಊರೇ ಹಿಗ್ಗುವ ಸದ್ದು. ನವ್ಯಶ್ರೀ ಮಾತ್ರ ಗಾಬರಿಯಿಂದ ಕುರ್ಚಿ ಬಿಟ್ಟೆದ್ದಳು. ಈ ಕಡೆ ಗುಡುಗಿದರೆ ಜನ ಮೊದಲು ಓಡುವುದು ಒಣಹಾಕಿದ ಬಟ್ಟೆಗಲ್ಲ, ಮೇನ್ ಸ್ವಿಚ್ಚಿಗೆ. ಸಿಡಿಲಿಗೆ ಟಿವಿ ಸುಟ್ಟುಕೊಳ್ಳದ ಮನೆಯೇ ಇಲ್ಲ. ಬೇಡ ಎಂದು ಅವಳು ಕೂಗುವಷ್ಟರಲ್ಲಿ ಅತ್ತೆ ಮಾದೇವಮ್ಮ ಒಳಗೆ ಮೇನ್ ಇಳಿಸಿಯಾಗಿತ್ತು. ಪರದೆ ಕಪ್ಪಾಯಿತು.

"ಮೇನ್ ತೆಗ್ದಿವ್ನಿ ಕಣವ್ವ, ನಿನ್ ಮಿಷನ್‌ಗೆ ಏನೂ ಆಗಕಿಲ್ಲ," ಎಂದರು ಅತ್ತೆ, ಅಕ್ಕರೆಯಿಂದ.

ಮಳೆ ನಿಂತ ಮೇಲೆ ನೋಡಿದರೆ, ತನ್ನೊಳಗೊಂದು ಡಿಸ್ಕ್ ಇದೆಯೆಂಬುದೇ ಕಂಪ್ಯೂಟರಿಗೆ ತಿಳಿಯಲಿಲ್ಲ. ಸಕಲೇಶಪುರದ ರಿಪೇರಿಯವನು ಫೋನಿನಲ್ಲೇ ಆಸೆ ಬಿಡಿ ಅಂದ. ಹಳೇ ಡಿಸ್ಕ್ ಕೊಡು ಎಂದರೆ ಲೋಹಿತ ತಲೆ ಕೆರೆದುಕೊಂಡ. ಅವಳೇ ಕಿತ್ತುಕೊಂಡು ಟಿವಿಗೆ ಸಿಕ್ಕಿಸಿ ನೋಡಿದಳು. ಪಿಚ್ಚರ್, ಪಿಚ್ಚರ್, ಬರೀ ಪಿಚ್ಚರ್. ಮದುವೆಗೆ ಜಾಗ ಸಾಲಲಿಲ್ಲವಂತೆ, ಆಮೇಲೆ ಮಾಡೋಣ ಅಂದುಕೊಂಡನಂತೆ. ಥೂ! ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರೆ, ಇವನಿಗೆ ಕೆಟ್ಟ ಮೇಲೂ ಬರಲಿಲ್ಲ.

"ಸಿಡ್ಲು ಹೊಡೀತು ಅಂದ್ಬುಡಿ ಅತ್ಗೆ. ಯಾರ್ ಕೇಳ್ತಾರೆ?" ಎಂದ.

ಯಾರೂ ಕೇಳುವುದಿಲ್ಲ ಎಂಬುದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಗಿ ಕಂಡಿತು.

ಸಂತೆಯ ದಿನ ಶಿವಯ್ಯ ಬಂದ. ಮಾದೇವಮ್ಮ ಕಾಫಿ ಕೊಟ್ಟು ಒಳಗೆ ಹೋದರು. ನವ್ಯಶ್ರೀ ಬಾಯಿ ತೆರೆಯುವ ಮೊದಲೇ ಲೋಹಿತ ಸಿಡಿಲಿನ ಕಥೆ ಬಿಟ್ಟ. ಶಿವಯ್ಯ ಟವಲ್ಲಿನಿಂದ ಕಣ್ಣೊರೆಸಿಕೊಂಡು, ಅವಳ ತಲೆಯ ಮೇಲೆ ಕೈಯಿಟ್ಟ.

"ಹೋಗ್ಲಿ ಬುಡವ್ವ. ದೇವ್ರೇ ಹೊಡುದ್ರೆ ನೀನೇನ್ ಮಾಡೀಯೆ?"

ಆ ಕೈಯ ಭಾರ ಅವಳಿಗೆ ತಡೆಯಲಾಗಲಿಲ್ಲ. ಲೋಹಿತನ ಮೇಲಿದ್ದ ಹೇಸಿಗೆಯೆಲ್ಲ ತನ್ನ ಮೇಲೇ ತಿರುಗಿತು.

"ಸಿಡ್ಲು ಹೊಡೀಲಿಲ್ಲ ಕಣಣ್ಣ. ಕಾಪಿ ಐತೆ ಅಂತ ಇವ್ನು ಸುಳ್ಳೇಳ್ದ. ನಾನೂ ಕಣ್ಣಾರ ನೋಡ್ದೇನೇ ಬಟನ್ ಒತ್ಬುಟ್ಟೆ. ನಿಮ್ಮವ್ವನ ಪದ ಕಳ್ದಿದ್ದು ನಾವೇ."

ಶಿವಯ್ಯ ಕೈ ತೆಗೆದ. ಲೋಹಿತನನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಬಾಯಿಗೆ ಒಯ್ಯದಿದ್ದ ಲೋಟವನ್ನು ಮೇಜಿನ ಮೇಲಿಟ್ಟು ಎದ್ದುಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಲೋಟ ಎತ್ತಿಕೊಳ್ಳಲು ಬಂದ ಮಾದೇವಮ್ಮ ಕೆನೆಗಟ್ಟಿದ ಕಾಫಿ ನೋಡಿ ಪೆಚ್ಚಾದರು. ಸಕ್ಕರೆ ಹೆಚ್ಚಾಯಿತೇ ಎಂದು ಕೇಳಿದರು.

"ಕಾಫಿ ಚೆನ್ನಾಗೇ ಐತೆ ಅತ್ತೆ. ನಮ್ಮನೇಲಿ ಕುಡಿಯಕ್ಕೆ ಅವ್ರಿಗೆ ಹೇಸ್ಗೆ," ಎಂದು ನವ್ಯಶ್ರೀ ತಾನೇ ಲೋಟ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು.