ಮರದಡಿಯ ಇಸವಿ

ಕೌಹವದ ನಮ್ಮ ಶೂಟಿಂಗ್ ಕ್ಲಬ್ಬಿನ ಗೋಡೆಯ ಮೇಲೆ ಒಂದೇ ಕೋವಿಗೆ ಜಾಗ. ಅಲ್ಲಿದ್ದದ್ದು ಮುದುಕಿ ಹೆಲ್ವಿಯ ಅಪ್ಪ ರಷ್ಯನ್ನರ ವಿರುದ್ಧದ ಚಳಿಗಾಲದ ಯುದ್ಧದಲ್ಲಿ ಹಿಡಿದಿದ್ದ ಕೋವಿ. ಅದನ್ನಿಳಿಸಿ, ಅದೇ ಯುದ್ಧದಲ್ಲಿ ತನ್ನಜ್ಜ ಹಿಡಿದಿದ್ದನೆಂಬ ಕೋವಿಯನ್ನು ಏರಿಸಬೇಕೆಂದು ಮರದ ವ್ಯಾಪಾರಿ ತೋರ್ಸ್ತಿ ಹಟ ಹಿಡಿದು ಬಂದ. ಅವನ ಕೋವಿ ಮದುವೆಗೆ ಹೊರಟಂತೆ ಹೊಳೆಯುತ್ತಿತ್ತು. ಪ್ರತಿ ಭಾಗದ ಮೇಲೂ ಒಂದೇ ಸಂಖ್ಯೆ, ನಳಿಕೆಯ ಮೇಲೆ ಇಸವಿ 1939.

“ನಿಮ್ಮಪ್ಪನ್ದು ನೋಡು ಹೆಲ್ವಿ. ಕಬ್ಬಿಣದ ಮೈ ಒಂದ್ಕಡೇದು, ಬೋಲ್ಟ್ ಇನ್ನೊಂದ್ಕಡೇದು. ಬರೀ ಗುಜರಿ!”

“ಹೌದಪ್ಪ, ಗುಜರೀನೇ. ರಷ್ಯನ್ನರ ಹಳೇ ಕೋವಿಯ ಮೈಗೆ ಹೊಸ ನಳಿಕೆ ಹಾಕೋದೇ ನಮ್ಮ ಸೈನ್ಯದ ಪದ್ಧತಿ. ಎರಡರದ್ದೂ ಮರದ ಹಿಡಿ ಬಿಚ್ಚಿಸೋಣ, ಬಾ.”

ತೋರ್ಸ್ತಿಯ ನಗು ಅರ್ಧಕ್ಕೇ ನಿಂತಿತು. ಇಂಥವರು ಮೇಲ್ಮೈಗೆ ಪಾಲಿಶ್ ಹಾಕಿ ಧನ್ಯರಾಗುತ್ತಾರೆ. ಹಿಡಿಯ ಮರದಡಿ, ಕೋವಿಯ ಮೈಮೇಲೆ ಕಾರ್ಖಾನೆ ಒತ್ತಿದ ಇಸವಿ ಅಡಗಿರುತ್ತದೆಂಬ ನೆನಪೇ ಅವರಿಗಿರುವುದಿಲ್ಲ. ನಾನು ಎರಡೂ ಕೋವಿಗಳ ತಿರುಪು ಬಿಚ್ಚಿದೆ. ಹೆಲ್ವಿಯದರ ಮೈಯಡಿ 1896 ಎಂದಿತ್ತು. ತೋರ್ಸ್ತಿಯದರಲ್ಲಿ 1943. ಚಳಿಗಾಲದ ಯುದ್ಧ 1940ರಲ್ಲೇ ಮುಗಿದಿತ್ತು.

“ನಿಮ್ಮಜ್ಜ ಇನ್ನೂ ಹುಟ್ಟದೇ ಇದ್ದ ಕೋವಿ ಹಿಡ್ಕೊಂಡು ಯುದ್ಧ ಮಾಡಿದ್ನೇನೋ, ಮರಿ?” ಎಂದಳು ಹೆಲ್ವಿ.

ತನಗೆ ಕೊಟ್ಟ ಕಾಫಿಯನ್ನೂ ಮುಟ್ಟದೆ ತೋರ್ಸ್ತಿ ಹೊರಟ. ನಾನು ಹೆಲ್ವಿಯ ಗುಜರಿಯನ್ನು ಜೋಡಿಸಿ ಗೋಡೆಯ ಮೇಲೆ ಅದರ ಮೊಳೆಗೇ ತೂಗುಹಾಕಿದೆ.