ಹಿಗ್ಗಿದ ಟೇಪು

…ಟೇಪಿನ ತುದಿಯ ಹಿತ್ತಾಳೆ ತಣ್ಣಗೆ ಹೊಕ್ಕುಳ ಮೇಲೆ ಕೂತಿದೆ, ಪರದೆಯ ಆಚೆ ಕತ್ತರಿ ಕರಕರ ಅನ್ನುತ್ತಿದೆ, ಟೈಲರ್ ಮಾಸ್ತರು ದಪ್ಪ ಬಟ್ಟೆಗೆ ಕೈ ಹಾಕಿದ್ದಾರೆ, ಊಟದ ಹೊತ್ತಿಗೆ ಇನ್ನೂ ಅರ್ಧ ಗಂಟೆ ಇದೆ, ಈಗಲೇ ನೋಡಿಬಿಡಬೇಕು, ಉಸಿರು ಒಳಗೆಳೆಯಬಾರದು, ಗಿರಾಕಿಗಳಿಗೆ ದಿನವೂ ನಾನೇ ಹೇಳುವುದಲ್ಲವೆ, ಉಸಿರು ಬಿಟ್ಟು ನಿಂತ್ಕೊಳ್ಳಿ ಅಮ್ಮ, ಬಟ್ಟೆ ನಿಮ್ಮ ಮೈಗೆ, ಕನ್ನಡಿಗಲ್ಲ — ಮೂವತ್ತೈದು. ಇನ್ನೊಂದು ಸಲ. ಮೂವತ್ತೈದು. ಹೋದ ತಿಂಗಳು ಇದೇ ಕನ್ನಡಿಯ ಮುಂದೆ, ಇದೇ ಟೇಪಿನಲ್ಲಿ ಮೂವತ್ತೇಳು ಇತ್ತು, ಅದಕ್ಕೂ ಐದು ತಿಂಗಳ ಹಿಂದೆ ನಲವತ್ತು, ಆಗ ಮಾಸ್ತರು ನನ್ನನ್ನು ಪೀಪಾಯಿ ತಾಯಿ ಅನ್ನುತ್ತಿದ್ದರು, ಪೀಪಾಯಿ ತಾಯೀ, ಸ್ವಲ್ಪ ಸರೀರಿ, ಬೆಳಕು ಬರಲಿ, ಅಂತ, ನಾನೂ ನಗುತ್ತಿದ್ದೆ, ಮೊಣಕಾಲು ಮಾತ್ರ ನಗುತ್ತಿರಲಿಲ್ಲ, ಮಷೀನಿನ ಪೆಡಲು ತುಳಿದರೆ ಒಣ ಕಟ್ಟಿಗೆ ಮುರಿದ ಹಾಗೆ ಲಟಲಟ, ಡಾಕ್ಟರು ನೋಡಿ, ಹತ್ತು ಕಿಲೋ ಇಳಿಸಿ, ಕಾಲು ತಾನಾಗೇ ಸುಮ್ಮನಾಗುತ್ತೆ ಅಂದರು, ಸೊಸೆ ಅವತ್ತೇ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು, ಅತ್ತೆ, ಉಪವಾಸ ಗಿಪವಾಸ ಏನೂ ಬೇಡ, ಸಣ್ಣಸಣ್ಣದು ಬದಲಾಯಿಸೋಣ, ನಿಮಗೆ ಗೊತ್ತೇ ಆಗಲ್ಲ. ದೊಡ್ಡ ತಟ್ಟೆ ಮೇಲಿನ ಕಪಾಟಿಗೆ ಹೋಯಿತು, ಮೊಮ್ಮಗಳ ತಟ್ಟೆ ನನಗೆ ಬಂತು, ಅದರ ನಡುವೆ ಒಂದು ಬಾತುಕೋಳಿಯ ಚಿತ್ರ, ಅನ್ನ ಮುಗಿದರೆ ಬಾತುಕೋಳಿ ಕಾಣಬೇಕು, ಕಂಡಮೇಲೆ ಇನ್ನೊಂದು ಸಲ ಬಡಿಸಿಕೊಳ್ಳುವಂತಿಲ್ಲ, ಚಹಾಕ್ಕೆ ಸಕ್ಕರೆ ಎರಡು ಚಮಚದಿಂದ ಒಂದು, ಒಂದರಿಂದ ಅರ್ಧ, ಊಟಕ್ಕೆ ಮೊದಲು ಒಂದು ಲೋಟ ನೀರು, ಒಂದು ತುತ್ತು ಇಳಿದ ಮೇಲೇ ಇನ್ನೊಂದಕ್ಕೆ ಕೈ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಒಲೆಯ ಮುಂದೆ ನಿಂತೇ ಬಳಿದು ಬಾಯಿಗೆ ಹಾಕಿಕೊಳ್ಳುವಂತಿಲ್ಲ, ಅದೇ ಎಲ್ಲಕ್ಕಿಂತ ಕಷ್ಟವಾದದ್ದು, ನಲವತ್ತು ವರ್ಷ ನಾನು ಉಳಿದದ್ದನ್ನೇ ಉಂಡವಳು, ಉಳಿದದ್ದು ಕಸದ ಬುಟ್ಟಿಗೆ ಬಿದ್ದಾಗ ಹೊಟ್ಟೆ ಚುರುಕ್ ಅನ್ನುತ್ತಿತ್ತು, ಆದರೂ ಕೂತೆ, ಅಗಿದೆ, ಬಾತುಕೋಳಿ ನೋಡಿದೆ. ಇಳಿಯಿತು. ಎಲ್ಲರೂ ಹೊಗಳಿದರು. ಏನ್ ತಿಂತೀರಾ ಹೇಳಿ ಅಮ್ಮ, ನಮಗೂ ಸ್ವಲ್ಪ ಗುಟ್ಟು ಬಿಟ್ಟುಕೊಡಿ, ಅಂತ ಗಿರಾಕಿಗಳು, ಮೊಣಕಾಲೂ ಸುಮ್ಮನಾಯಿತು, ಇಳಿಯುವುದು ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು, ನಿಲ್ಲಲಿಲ್ಲ —

ನಿಲ್ಲದಿದ್ದುದಕ್ಕೇ ತಿನ್ನಲು ಶುರುಮಾಡಿದೆ. ಕದ್ದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮತ್ತೆ ಎರಡು ಚಮಚ ಸಕ್ಕರೆ, ನಾಲ್ಕು ಗಂಟೆಗೆ ಬೆಣ್ಣೆ ಸವರಿದ ಬನ್ನು, ಬರುವ ದಾರಿಯಲ್ಲಿ ಕರಿದ ಆಲೂಗಡ್ಡೆ, ಪೊಟ್ಟಣದ ಎಣ್ಣೆ ಕೈಗೆ ಅಂಟಿ ಹೊಲಿಯುವ ಬಟ್ಟೆಗೆ ತಾಗೀತೆಂದು ಎರಡೆರಡು ಸಲ ಸೋಪು ಹಚ್ಚುತ್ತೇನೆ, ಮನೆಯಲ್ಲಿ ಬಾತುಕೋಳಿ ತಟ್ಟೆಯ ಮುಂದೆ ಕೂತು ಸೊಸೆಗೆ ಸಾಕಮ್ಮ ಅನ್ನುತ್ತೇನೆ, ಅವಳು ಹಾಳೆಯ ಮೇಲೆ ನಕ್ಷತ್ರ ಬರೆಯುತ್ತಾಳೆ, ಪಾಪದ ಹುಡುಗಿ, ಅತ್ತೆ ನೀವು ನನ್ನ ಜಾಣ ವಿದ್ಯಾರ್ಥಿ, ಅನ್ನುತ್ತಾಳೆ. ನಾಲ್ಕು ವಾರ ಹೀಗೆ ತಿಂದೆ. ಮೈ ಬರಲಿ, ಒಂದೇ ಒಂದು ಇಂಚು ಬರಲಿ, ಬಂದರೆ ಇಳಿದದ್ದೆಲ್ಲ ತಟ್ಟೆಯ ಕೆಲಸ ಎಂದು ಗೊತ್ತಾಗುತ್ತದೆ, ಬರದಿದ್ದರೆ — ಬರದಿದ್ದರೆ ಎಂಬುದರ ಮುಂದಕ್ಕೆ ನಾನು ಹೋಗುವುದಿಲ್ಲ, ಅಲ್ಲಿ ಅಕ್ಕ ನಿಂತಿದ್ದಾಳೆ. ಅಕ್ಕನೂ ಸಿಹಿ ಬಿಟ್ಟಿದ್ದಳು, ಬೇಕರಿಯಲ್ಲಿ ದಿನವಿಡೀ ಕೇಕು ಕತ್ತರಿಸುತ್ತ ಒಂದು ಚೂರನ್ನೂ ಬಾಯಿಗೆ ಹಾಕುತ್ತಿರಲಿಲ್ಲ, ಸಣ್ಣಗಾದಳು, ನಾವೆಲ್ಲ ಭೇಷ್ ಅಂದೆವು, ಒಂದು ದಿನ ಇದೇ ಅಂಗಡಿಗೆ ಬಂದು ಕೈ ಚಾಚಿದಳು, ಉಂಗುರ ಜಾರ್ತಾ ಇದೆ ಕಣೇ, ಒಳಗಡೆ ಸ್ವಲ್ಪ ದಾರ ಸುತ್ತಿಕೊಡು, ನಾನು ಮಷೀನಿನ ಮೇಲಿದ್ದ ಕೆಂಪು ದಾರವನ್ನೇ ಎಳೆದು, ಮೇಣ ಉಜ್ಜಿ, ಸುತ್ತಿದೆ, ಹದಿನಾರರ ಹುಡುಗಿ ಆಗಿಬಿಟ್ಟೆಯಲ್ಲೇ ಎಂದು ಛೇಡಿಸಿದೆ, ಅವಳು ನಗಲಿಲ್ಲ, ನಾನು ಕೇಳಲೂ ಇಲ್ಲ, ಗೊತ್ತಿತ್ತು ಅವಳಿಗೆ, ಯಾರಾದರೂ ಕೇಳಲಿ ಎಂದೇ ಬಂದಿದ್ದಳೋ ಏನೋ, ಹನ್ನೊಂದು ವಾರಕ್ಕೆ ಆಸ್ಪತ್ರೆಯವರು ಅವಳ ತಣ್ಣಗಾದ ಬೆರಳಿನಿಂದ ಆ ಉಂಗುರ ಬಿಚ್ಚಿ ನನ್ನ ಕೈಗೆ ಕೊಟ್ಟರು, ಕೆಂಪು ದಾರ ಒಳಗೆ ಹಾಗೇ ಇತ್ತು.

ತಾಯೀ, ಆ ಗೌನಿನವರು ಬಂದು ಹೋದರು, ಪರದೆಯ ಆಚೆಯಿಂದ ಮಾಸ್ತರು, ಸೊಂಟ ಬಿಗಿಯಂತೆ, ಬಟನ್ ಕೂರ್ತಾನೇ ಇಲ್ಲವಂತೆ, ನೀವು ಬರೆದದ್ದು ಮೂವತ್ತೆರಡು, ನಾನು ಕತ್ತರಿಸಿದ್ದೂ ಮೂವತ್ತೆರಡು, ಆಯಮ್ಮ ನೋಡಿದರೆ ಮೂವತ್ಮೂರು ಇದ್ದಾರೆ, ಉಂಡು ಬಂದಿರಬೇಕು ಅಂತ ಬೈಯೋಣ ಅನ್ನಿಸ್ತು, ಆಮೇಲೆ ನಿಮ್ಮ ಟೇಪು ಜ್ಞಾಪಕ ಬಂತು, ಎಷ್ಟು ವರ್ಷದ್ದು ಅದು, ನಿಮ್ಮ ಮದುವೆದಾ, ಎಳೆದೆಳೆದು ಹಿಗ್ಗಿರುತ್ತೆ ರೀ, ಹೊಸದು ತರಿಸಿದೀನಿ, ತಗೊಳ್ಳಿ. ಪರದೆಯ ಕೆಳಗಿನಿಂದ ಹಳದಿ ಟೇಪಿನ ಸುರುಳಿ ಉರುಳಿ ಬಂದು ನನ್ನ ಹೆಬ್ಬೆರಳಿಗೆ ತಾಗಿತು. ಹಿಗ್ಗಿದೆ. ನನ್ನ ಟೇಪು ಹಿಗ್ಗಿದೆ. ಗೋಡೆಗೆ ಒರಗಿಸಿದ ಮರದ ಅಳತೆಕೋಲಿನ ಪಕ್ಕ ಹಿಡಿದೆ, ಕೋಲಿನ ಮೂವತ್ತಾರರ ಹತ್ತಿರ ನನ್ನ ಟೇಪಿನ ಮೂವತ್ತೈದು ಬಂದು ನಿಂತಿದೆ, ಒಂದು ಇಂಚು ಕಡಿಮೆ ಹೇಳುತ್ತಿತ್ತು ಹಾಳಾದ್ದು, ಇಷ್ಟು ದಿನ ನನ್ನ ಜೀವ ಹಿಂಡಿತು, ದೇವರೇ, ಒಂದು ಚಿಂದಿ ಬಟ್ಟೆಗೆ ಹೆದರಿ ಬನ್ನು ತಿಂದೆನಲ್ಲ, ಹೊಸದನ್ನು ಸುತ್ತಿದೆ, ಗಟ್ಟಿಯಾಗಿದೆ, ಪ್ಲಾಸ್ಟಿಕ್ಕಿನ ವಾಸನೆ, ಉಸಿರು ಬಿಟ್ಟೆ, ಮೂವತ್ತಾರು. ಮೂವತ್ತಾರು, ಬಂತು ನೋಡು ಒಂದು ಇಂಚು, ಬಂದೇ ಬಂತು, ಸಂಜೆ ಸೊಸೆಗೆ ಎಲ್ಲ ಹೇಳಿ ನಗಬೇಕು, ಆಲೂಗಡ್ಡೆಯದನ್ನೂ ಹೇಳಬೇಕು, ಅವಳು ನಕ್ಷತ್ರ ಅಳಿಸಿದರೆ ಅಳಿಸಲಿ — ಆದರೆ ಹೋದ ತಿಂಗಳ ಮೂವತ್ತೇಳು. ಅದೂ ಈ ಹಳೆಯದರಲ್ಲೇ ನೋಡಿದ್ದು. ಆಗಲೂ ಹಿಗ್ಗಿಯೇ ಇತ್ತಲ್ಲ. ಅಂದರೆ ಅದು ಮೂವತ್ತೆಂಟು. ಸುಳ್ಳು ಹೇಳುವ ಟೇಪು ಎರಡು ಸಲವೂ ಅಷ್ಟೇ ಸುಳ್ಳು ಹೇಳಿದೆ, ಸುಳ್ಳಿನಿಂದ ಸುಳ್ಳು ಕಳೆದರೆ ಉಳಿಯುವುದು ನಿಜವೇ, ಎರಡು ಇಂಚು. ಈ ಒಂದು ತಿಂಗಳಲ್ಲೇ ಹಿಗ್ಗಿರಬಹುದು, ಯಾಕಾಗಬಾರದು, ನಿಧಾನಕ್ಕೆ ಯೋಚನೆ ಮಾಡು, ಬಟ್ಟೆಯಲ್ಲವೆ, ಮಳೆಗೆ ನೆನೆದಿರಬಹುದು — ಲಂಗ. ಲಂಗಕ್ಕೆ ಟೇಪಿನ ಹಂಗಿಲ್ಲ. ಮೂರು ವಾರದ ಹಿಂದೆ ಅದರ ಕೊಕ್ಕೆಯನ್ನು ಒಳಕ್ಕೆ ಕೂರಿಸಿ ಹೊಲಿದಿದ್ದೆ, ಇವತ್ತು ಬೆಳಿಗ್ಗೆ ಮತ್ತೆ ಜಾರಿತೆಂದು ಪಿನ್ನು ಹಾಕಿ ಬಂದಿದ್ದೇನೆ, ಪಿನ್ನು ಇಲ್ಲೇ ಇದೆ, ಕೈಗೆ ಸಿಗುತ್ತಿದೆ.

ಏನ್ ತಾಯೀ, ಒಳಗೇ ನಿದ್ದೆ ಮಾಡಿದ್ರಾ, ಎಷ್ಟು ಬಂತು ಹೊಸದರಲ್ಲಿ? ಮೂವತ್ತಾರು ಅನ್ನುತ್ತೇನೆ, ನಾನೇ ಅನ್ನುತ್ತಿದ್ದೇನೆ, ಧ್ವನಿ ಬೇರೆ ಯಾರದೋ ಹಾಗಿದೆ. ಯಾರದ್ದದು, ಯಾವ ಗಿರಾಕಿ? ಸುಮ್ಮನಿರಬಹುದು, ಯಾವುದೋ ಹೆಸರು ಹೇಳಿ ಲಂಗ ಸರಿಪಡಿಸಿಕೊಂಡು ಹೊರಗೆ ಹೋಗಬಹುದು, ಬನ್ನು ಕಾಗದದಲ್ಲಿ ಕಾಯುತ್ತಿದೆ, ಅಕ್ಕ ಹಾಗೇ ಹೋದಳಲ್ಲ, ಕೈ ಮಡಿಚಿ, ಬೀದಿ ದಾಟಿ. ನನ್ನದು ಮಾಸ್ತರೇ, ಹೋದ ತಿಂಗಳು ಮೂವತ್ತೆಂಟಿತ್ತು, ತಿಂದರೂ ಇಳೀತಿದೆ, ನನಗೆ ಹೆದರಿಕೆ ಆಗ್ತಿದೆ, ನಮ್ಮ ಸೊಸೆಗೊಂದು ಫೋನ್ ಮಾಡ್ತೀರಾ, ಡಾಕ್ಟರ ಹತ್ತಿರ ಹೋಗಬೇಕು, ಇವತ್ತೇ. ಕತ್ತರಿ ನಿಂತಿದೆ. ಕುರ್ಚಿ ಹಿಂದೆ ಸರಿದ ಸದ್ದು, ಪರದೆಯ ಕೆಳಗೆ ಮಾಸ್ತರ ಚಪ್ಪಲಿಯ ತುದಿ, ನಾನು ಟೇಪು ಬಿಚ್ಚಬೇಕು, ಬೆರಳು ಬಿಚ್ಚುತ್ತಿಲ್ಲ, ಕಣ್ಣಿಗೆ ಕಾಣುವುದು ಟೇಪಲ್ಲ, ಅಕ್ಕನ ಬೆರಳು, ಉಂಗುರದ ಒಳಗೆ ಕೆಂಪು ದಾರ, ಒಂದು ಸುತ್ತು, ಎರಡು ಸುತ್ತು, ಮೂರು, ತುದಿಯನ್ನು ನನ್ನ ಹಲ್ಲಿನಿಂದಲೇ ಕಡಿದ ಆ ಗಂಟು, ಕೆಂಪು ದಾರ, ಗಂಟು